ಅಲೆಗಿಂತ ಒಂದು ಕ್ಷಣ ಮೊದಲು

ಆ ದಿನ ಎಲ್ಲರಿಗಿಂತ ಮೊದಲು ವಾಂತಿ ಮಾಡಿಕೊಂಡವಳು ಡಾಕ್ಟರ್ ಶಾರ್ವರಿ ನಾಡಕರ್ಣಿ. ಆಮೇಲೆ ಒಬ್ಬೊಬ್ಬರಾಗಿ ಸೈನಿಕರು ಶುರುಮಾಡಿದರು.

ಅವರೆಲ್ಲ ಕೂತಿದ್ದದ್ದು ನೆಲದ ಮೇಲೂ ನೀರಿನ ಮೇಲೂ ಓಡುವ ಸೇನೆಯ ಉಭಯಚರ ವಾಹನದೊಳಗೆ. ಹೊರಗಿನಿಂದ ಅದು ಉಕ್ಕಿನ ಪಟ್ಟಿಚಕ್ರಗಳ ಮೇಲೆ ಕೂತ ದೊಡ್ಡ ಪೆಟ್ಟಿಗೆ. ಸೈನಿಕರು ಅದನ್ನು 'ಆಮೆ' ಎನ್ನುತ್ತಿದ್ದರು. ಹಡಗಿನ ಹೊಟ್ಟೆಯಿಂದ ನೀರಿಗೆ ಜಾರಿ, ತೆರೆಗಳನ್ನು ದಾಟಿ, ದಡ ಹತ್ತಿ, ಹಿಂಬಾಗಿಲು ತೆರೆದು ಜನರನ್ನು ಮರಳಿನ ಮೇಲೆ ಇಳಿಸುವುದು ಅದರ ಕೆಲಸ. ಒಳಗೆ ಎದುರುಬದುರಾಗಿ ಎರಡು ಬೆಂಚು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಜನ, ಒಂದು ಮಂಕು ಕೆಂಪು ದೀಪ. ಕೂತವರಿಗೆ ಕಿಟಕಿಯಿಲ್ಲ. ಡೀಸೆಲ್ ಹೊಗೆಯ ವಾಸನೆ, ಒದ್ದೆ ಬೂಟಿನ ವಾಸನೆ, ಈಗ ವಾಂತಿಯ ವಾಸನೆ ಬೇರೆ. ಅಲೆ ಎಡದಿಂದ ಬರುತ್ತದೋ ಬಲದಿಂದ ಬರುತ್ತದೋ ಗೊತ್ತಾಗುವುದು ಅದು ಬಡಿದ ಮೇಲೆಯೇ. ಕಣ್ಣು 'ನಾನು ಅಲುಗದ ಪೆಟ್ಟಿಗೆಯಲ್ಲಿ ಇದ್ದೇನೆ' ಅನ್ನುತ್ತದೆ, ಒಳಕಿವಿ 'ಇಲ್ಲ, ಬೀಳುತ್ತಿದ್ದೀಯೆ' ಅನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ.

ಎದುರಿಗೆ ಕೂತಿದ್ದ ಹವಾಲ್ದಾರ್ ಯಮನಪ್ಪ ತಳವಾರ ತನ್ನ ಪ್ಲಾಸ್ಟಿಕ್ ಚೀಲವನ್ನು ಅವಳತ್ತ ಚಾಚಿದ. "ತಗೋರಿ ಮೇಡಂ. ನಂದಿನ್ನೂ ತಡೀತೈತಿ."

ಹಾಗೆಂದ ಮರುಗಳಿಗೆಯಲ್ಲೇ ತಡೆಯಲಾರದೆ ಅವನು ತನ್ನ ಹೆಲ್ಮೆಟ್ಟಿನೊಳಗೆ ಬಗ್ಗಿದ.

ಆಮೆ ದಡ ಹತ್ತಿ ಬಾಗಿಲು ತೆರೆದಾಗ ಸೈನಿಕರು ಓಡಿ ಹೋಗಬೇಕಿತ್ತು. ಓಡಲಿಲ್ಲ, ಉರುಳಿದರು. ಕೆಲವರು ಮರಳಿನ ಮೇಲೆ ಅಂಗಾತ ಮಲಗಿ ಆಕಾಶ ನೋಡಿದರು. ದಡದಲ್ಲಿ ದುರ್ಬೀನು ಹಿಡಿದು ನಿಂತಿದ್ದ ಕರ್ನಲ್ ಮೊಣ್ಣಪ್ಪ ಶಾರ್ವರಿಯ ಹತ್ತಿರ ಬಂದರು.

"ನೋಡಿದ್ರಲ್ಲ ಡಾಕ್ಟರ್? ಎದುರಿಗೆ ನಾಲ್ಕು ಜನ ದೊಣ್ಣೆ ಹಿಡ್ಕೊಂಡು ನಿಂತಿದ್ರೂ ಸಾಕಿತ್ತು, ನನ್ನ ಇಡೀ ತುಕಡಿ ಸೆರೆ ಸಿಕ್ತಿತ್ತು. ಮಾತ್ರೆ ಕೊಟ್ರೆ ನಿದ್ದೆ ಮಾಡ್ತಾರೆ. ಬೇರೆ ಏನಾದ್ರೂ ಮಾಡಿ."

ಶಾರ್ವರಿ ರಕ್ಷಣಾ ಸಂಶೋಧನೆಗೆ ಸೇರಿದ್ದ ನರವಿಜ್ಞಾನಿ. ಕುಮಟೆಯವಳು. ಕಡಲ ಸದ್ದು ಕೇಳುತ್ತಲೇ ಬೆಳೆದಿದ್ದರೂ ಅದರ ಮೇಲೆ ಹೀಗೆ ಹೋದದ್ದು ಇದೇ ಮೊದಲು. ಕಾರವಾರದ ದಕ್ಷಿಣಕ್ಕಿದ್ದ ಆ ಶಿಬಿರದ ತಗಡಿನ ಪ್ರಯೋಗಾಲಯದಲ್ಲಿ ಕೂತು ಅವಳು ಒಂದೇ ಸಂಗತಿಯನ್ನು ಯೋಚಿಸಿದಳು. ಆಮೆಯಲ್ಲಿದ್ದ ಎಲ್ಲರೂ ವಾಂತಿ ಮಾಡಿದ್ದರು, ಚಾಲಕನೊಬ್ಬನನ್ನು ಬಿಟ್ಟು. ಘಟ್ಟದ ಬಸ್ಸಿನಲ್ಲೂ ಹಾಗೆಯೇ. ಪ್ರಯಾಣಿಕರು ಕಿಟಕಿಯಿಂದ ಹೊರಗೆ ತಲೆಹಾಕಿರುತ್ತಾರೆ, ಚಾಲಕ ಅಡಿಕೆ ಅಗಿಯುತ್ತ ತಿರುವು ತಿರುಗಿಸುತ್ತಿರುತ್ತಾನೆ. ಅವನ ಹೊಟ್ಟೆ ಗಟ್ಟಿಯೆಂದಲ್ಲ. ತಿರುವು ಬರುವುದು ಅವನಿಗೆ ಮೊದಲೇ ಗೊತ್ತು, ಅವನ ಮೈ ಸಿದ್ಧವಾಗಿರುತ್ತದೆ.

ಹಾಗಾದರೆ ಹಿಂದೆ ಕತ್ತಲಲ್ಲಿ ಕೂತವರಿಗೂ ಅಲೆ ಒಂದು ಕ್ಷಣ ಮೊದಲೇ ತಿಳಿದರೆ?

ಒಂದೂವರೆ ವರ್ಷದಲ್ಲಿ ಅವಳ ತಂಡ ಅದನ್ನು ಮಾಡಿತು. ಆಮೆಯ ಮೂತಿಯಲ್ಲಿ ನೀರಿನ ಒತ್ತಡ ಅಳೆಯುವ ಸಂವೇದಕಗಳು. ಮುಂದಿನ ಕ್ಷಣ ಪೆಟ್ಟಿಗೆ ಯಾವ ಕಡೆ ವಾಲುತ್ತದೆಂದು ಲೆಕ್ಕಹಾಕುವ ಸಣ್ಣ ಗಣಕ. ಸೈನಿಕನ ಎರಡೂ ಕಿವಿಗಳ ಹಿಂದೆ ಅಂಟುವ ಮೆತ್ತನೆಯ ಪಟ್ಟಿ. ಆ ಪಟ್ಟಿ ಸಮತೋಲದ ನರಕ್ಕೆ ಇರುವೆ ಹರಿದಷ್ಟು ಸಣ್ಣ ವಿದ್ಯುತ್ತನ್ನು ಕೊಡುತ್ತಿತ್ತು. ಅಲೆ ಬರುವ ಮೊದಲೇ ಮೈಗೆ ಅದರ ಸುಳಿವು ಸಿಗುತ್ತಿತ್ತು. ಯಾಕೆಂದು ತಿಳಿಯದೆಯೇ ಸೈನಿಕ ಎಡಕ್ಕೆ ವಾಲುತ್ತಿದ್ದ, ಆಗ ಅಲೆ ಎಡದಿಂದಲೇ ಬರುತ್ತಿತ್ತು.

ಮೊದಲು ಪಟ್ಟಿ ಅಂಟಿಸಿಕೊಂಡವನು ಯಮನಪ್ಪ. ಅವನು ಹುನಗುಂದದ ಕಡೆಯವನು, ಸೇನೆಗೆ ಸೇರುವವರೆಗೆ ಸಮುದ್ರ ನೋಡಿದವನೇ ಅಲ್ಲ. ಎರಡನೆಯ ಆಮೆಗೆ ಅವನೇ ಮುಖ್ಯಸ್ಥ, ಆದರೂ ಕಿಂಡಿಯ ಆಸನ ಬಿಟ್ಟು ಹುಡುಗರ ಜೊತೆ ಬೆಂಚಿನ ಮೇಲೆಯೇ ಕೂರುತ್ತಿದ್ದ. ತನ್ನ ಹುಡುಗರ ಮುಂದೆ ಹೆಲ್ಮೆಟ್ಟಿಗೆ ವಾಂತಿ ಮಾಡಿದ ನಾಚಿಕೆ ಅವನನ್ನು ಬಿಟ್ಟಿರಲಿಲ್ಲ. ಪಟ್ಟಿ ಅಂಟಿಸಿಕೊಂಡು ಹೋದ ದಿನ ಅವನು ದಡಕ್ಕೆ ಇಳಿದು ಓಡಿದ. ಅವನ ಹಿಂದೆ ಉಳಿದವರೂ ಓಡಿದರು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅದನ್ನು ನೋಡುತ್ತಿದ್ದ ಶಾರ್ವರಿಯ ಕಣ್ಣು ತುಂಬಿ ಬಂತು. ರೇಡಿಯೋದಲ್ಲಿ ಯಮನಪ್ಪನ ಧ್ವನಿ ಕೇಳಿಸಿತು.

"ಮೇಡಂ, ಹಸಿವಾಗೈತ್ರಿ! ಸಮುದ್ರದಾಗಿಂದ ಬಂದು ಇವತ್ತ ಮೊದಲ ಸಲ ಹಸಿವಾಗೈತಿ!"

ಮಳೆಗಾಲ ಮುಗಿದ ಮೇಲೆ ಅವರು ವಾರದಲ್ಲಿ ನಾಲ್ಕಾರು ಸಲ ಕಡಲಿಗೆ ಇಳಿಯತೊಡಗಿದರು. ಪಟ್ಟಿಯ ವಿಷಯ ಮೇಲಿನವರಿಗೆ ತಲುಪಿತು, ಹೊಗಳಿಕೆ ಬಂತು. ಹೀಗಿರುವಾಗ ಒಂದು ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬಳು ಬಂದು ನಿಂತಳು. ಯಮನಪ್ಪನ ಹೆಂಡತಿ ಸಾವಂತ್ರೆವ್ವ. ಸೈನಿಕರ ವಸತಿಯಲ್ಲಿ ರವಿಕೆ ಹೊಲಿದುಕೊಡುತ್ತಿದ್ದವಳು.

"ಬಾಯಾರ, ನಮ್ಮನಿಯವ್ರ ಕಿವಿಗೆ ಏನ್ ಹಚ್ಚೀರಿ?"

ಶಾರ್ವರಿ ಕೂರಲು ಹೇಳಿದಳು. ಅವಳು ಕೂರಲಿಲ್ಲ.

"ನಾ ಬಂದೀನಂತ ಅವರಿಗೆ ಗೊತ್ತಿಲ್ರಿ. ಗೊತ್ತಾದ್ರ ಬೈತಾರ. ಮಂಚದ ಆ ತುದಿಗೆ ನಾ ಕುಂತ್ರ, ಈ ತುದಿಗೆ ಇವರು ಗ್ವಾಡಿ ಹಿಡಕೋತಾರ. ಫ್ಯಾನ್ ತಿರಗೂದು ನೋಡಿದ್ರ ಕಣ್ಣ ಮುಚ್ಚತಾರ. ಮೊನ್ನೆ ಮಗಳು ಓಡಿ ಬಂದು ತೆಕ್ಕಿ ಬಡದ್ಲು, ದಪ್ಪಂತ ಬಿದ್ದ ಬಿಟ್ರು. ಈಗ ಆಕಿ ಅಪ್ಪನ ಹತ್ರ ಹೋಗಾಕ ಅಂಜತಾಳ."

"ಅವನು ನನಗೆ ಏನೂ ಹೇಳಲಿಲ್ಲವಲ್ಲ?"

"ಹೆಂಗ್ ಹೇಳ್ತಾರ್ರಿ? ಸಮುದ್ರಕ್ಕ ಹೋಗೂ ದಿನ ಅಷ್ಟ ಹುರುಪು. ಮನ್ಯಾಗಂದ್ರ ಜ್ವರ ಬಂದವರಂಗ ಕುಂತಿರ್ತಾರ. ಮತ್ತ ಯಾವಾಗ ಸಮುದ್ರಕ್ಕ ಹೊಕ್ಕೀನೋ ಅಂತ ಕಾಯತಾರ. ನಂಗ ಹೆಂಗ ಅನಸತೈತಿ ಅಂದ್ರ..." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬ್ಯಾರೆ ಮನಿ ಮಾಡ್ಯಾರೇನೋ ಅನಸತೈತ್ರಿ."

ಮರುದಿನ ಶಾರ್ವರಿ ಅವರ ಮನೆಗೆ ಹೋದಳು. ಯಮನಪ್ಪ ಎದ್ದು ನಿಂತು ಸೆಲ್ಯೂಟ್ ಮಾಡಿದ, ಆದರೆ ಒಂದು ಕೈ ಬಾಗಿಲ ಚೌಕಟ್ಟನ್ನು ಬಿಡಲಿಲ್ಲ. ಸಾವಂತ್ರೆವ್ವ ಚಹಾ ತಂದಳು. "ಕುಂದರ್ತೀನ್ರೀ" ಎಂದಳು. ಒಂದು ಗಳಿಗೆ ಬಿಟ್ಟು ಮಂಚದ ತುದಿಯಲ್ಲಿ ಕೂತಳು. "ಕಪ್ಪು ಇಡ್ತೀನಿ" ಎಂದಳು, ಆಮೇಲೆ ಸ್ಟೂಲಿನ ಮೇಲೆ ಕಪ್ಪು ಇಟ್ಟಳು. ಮಗಳು ಪಾರಿ ಶಾಲೆಯ ಚೀಲದೊಂದಿಗೆ ಹೊಸ್ತಿಲಲ್ಲಿ ನಿಂತು, "ಅಪ್ಪಾ, ಬರ್ತೀನಿ" ಎಂದು ಹೇಳಿ ಕಾದಳು. ಯಮನಪ್ಪ ತಲೆಯಾಡಿಸಿದ ಮೇಲೆ ಮೆಲ್ಲಗೆ ಬಂದು ಅವನ ಮೊಣಕಾಲು ಮುಟ್ಟಿದಳು. ಅವನು ಅಲುಗಲಿಲ್ಲ.

"ಹೀಗೆ ಹೇಳಬೇಕು ಅಂತ ಯಾರು ಹೇಳಿದರು?" ಶಾರ್ವರಿ ಕೇಳಿದಳು.

"ಯಾರ್ ಹೇಳ್ತಾರ್ರಿ? ಮೊದ್ಲ ಹೇಳಿದ್ರ ಬೀಳಂಗಿಲ್ಲ ಅವರು. ಅದಕ್ಕ ಹೇಳ್ತೀವಿ."

ಶಾರ್ವರಿ ಚಹಾ ಕುಡಿಯುವುದನ್ನು ಮರೆತಳು. ಏನಾಗಿದೆಯೆಂದು ಅವಳಿಗೆ ಅರ್ಥವಾಗಿತ್ತು. ಪ್ರತಿ ಚಲನೆಗೂ ಸುಳಿವು ಸಿಕ್ಕು ಸಿಕ್ಕು ಅವನ ಮಿದುಳು ತಾನಾಗಿ ಊಹಿಸುವ ಕೆಲಸವನ್ನೇ ಬಿಟ್ಟುಬಿಟ್ಟಿತ್ತು. ನೆಲದ ಮೇಲೆ ಸುಳಿವು ಕೊಡುವವರಿಲ್ಲ. ಹಾಗಾಗಿ ಹೇಳದೆ ಆಗುವ ಪ್ರತಿಯೊಂದು ಅಲುಗಾಟವೂ ಅವನ ಪಾಲಿಗೆ ಬೀಳುವುದೇ ಆಗಿತ್ತು. ಆದರೆ ಮಾತಿನ ಸುಳಿವು ಬೇರೆ. ಮಾತು ಕೇಳಿದಾಗ ಏನಾಗುತ್ತದೆಂದು ಮಿದುಳು ತಾನೇ ಕಲ್ಪಿಸಿಕೊಳ್ಳಬೇಕು. ಸೋಮಾರಿಯಾದ ಕೈಗೆ ಮತ್ತೆ ಕೆಲಸ ಕೊಟ್ಟ ಹಾಗೆ.

ತುಕಡಿಯ ಉಳಿದವರನ್ನು ಅವಳು ವಾಲುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದಳು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದೇ ತೊಂದರೆ ಶುರುವಾಗಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ಕಡಲಿನಿಂದ ತೆಗೆದುಹಾಕುತ್ತಾರೆಂಬ ಹೆದರಿಕೆ ಒಬ್ಬನಿಗೆ, ಹೆಂಡತಿ ನಗುತ್ತಾಳೆಂಬ ಹೆದರಿಕೆ ಇನ್ನೊಬ್ಬನಿಗೆ. ಯಮನಪ್ಪನಷ್ಟು ಕೆಟ್ಟ ಸ್ಥಿತಿ ಮಾತ್ರ ಯಾರದೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಡಲಿಗಿಳಿದವನು ಅವನೇ.

ಕರ್ನಲ್ ಮೊಣ್ಣಪ್ಪ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ನಿಲ್ಲಿಸೋಣ. ಮೇಲಿನವರಿಗೆ ನಾನು ಹೇಳ್ತೀನಿ, ಬೈಸ್ಕೊಳ್ತೀನಿ. ಪಟ್ಟಿಗಳು ನಿಮ್ಮ ಅಲ್ಮೇರಾದಲ್ಲೇ ಇರಲಿ, ಬೀಗ ಹಾಕಿ."

ಯಮನಪ್ಪನಿಗೆ ಅವಳು ತಿಳಿಸಿ ಹೇಳಿದಳು. "ಈಗ ಬಿಟ್ಟರೆ ನಿಧಾನವಾಗಿ ಸರಿಹೋಗುತ್ತದೆ. ಇನ್ನೊಮ್ಮೆ ಅಬ್ಬರದ ಕಡಲಲ್ಲಿ ಇದನ್ನು ಹಾಕಿದರೆ ಮಿದುಳು ಇದಕ್ಕೇ ಒಗ್ಗಿಬಿಡಬಹುದು. ಆಮೇಲೆ ನನ್ನ ಕೈಲೂ ಆಗದೆ ಹೋಗಬಹುದು."

ಅವನು ತಲೆತಗ್ಗಿಸಿ ಕೇಳಿದ. ಮನೆಯಲ್ಲಿ ಸಾವಂತ್ರೆವ್ವ ಹೇಳುವುದನ್ನು ಮುಂದುವರಿಸಿದಳು. ಶಾರ್ವರಿ ತೋರಿಸಿದಂತೆ ಮಾತಿಗೂ ಕೆಲಸಕ್ಕೂ ನಡುವಿನ ಅಂತರವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದಳು. ಚಳಿಗಾಲ ಕಳೆಯುವ ಹೊತ್ತಿಗೆ ಅವನು ಗೋಡೆ ಹಿಡಿಯದೆ ಅಂಗಳ ದಾಟುತ್ತಿದ್ದ. ಪಾರಿಯ ಜೊತೆ ಅಂಗಡಿಯವರೆಗೆ ಹೋಗಿ ಬಂದ.

ಬೇಸಗೆಯ ಕೊನೆಗೆ ಚಂಡಮಾರುತ ಬಂತು. ನದಿ ಕಡಲು ಸೇರುವಲ್ಲಿ ಸಣ್ಣಕುರ್ವೆ ಎಂಬ ಮೀನುಗಾರರ ನಡುಗಡ್ಡೆ ಇತ್ತು. ಹಿಂದಿನಿಂದ ನದಿಯ ನೆರೆ, ಮುಂದಿನಿಂದ ಕಡಲು. ಜನ ಮನೆಗಳ ಮಾಡಿನ ಮೇಲೆ ಹತ್ತಿ ಕೂತಿದ್ದರು. ಗಾಳಿಗೆ ಹೆಲಿಕಾಪ್ಟರು ಏಳುವಂತಿರಲಿಲ್ಲ. ಹೋದ ಎರಡು ದೋಣಿಗಳು ಮಗುಚಿ, ಅವುಗಳಲ್ಲಿದ್ದವರು ಹೇಗೋ ಈಜಿ ಬಂದಿದ್ದರು. ಉಳಿದದ್ದು ಆಮೆಗಳು ಮಾತ್ರ.

ಮಧ್ಯಾಹ್ನವಾಗಿದ್ದರೂ ದೀಪ ಹಾಕಿಕೊಂಡಿದ್ದ ನಿಯಂತ್ರಣ ಕೊಠಡಿಗೆ ಮೊಣ್ಣಪ್ಪ ಒದ್ದೆ ರೇನ್‌ಕೋಟಿನಲ್ಲೇ ಬಂದರು.

"ಪಟ್ಟಿ ಇಲ್ಲದೆ ಈ ಕಡಲಿಗೆ ಇಳಿದ್ರೆ, ಅಲ್ಲಿ ಮುಟ್ಟೋ ಹೊತ್ತಿಗೆ ನಮ್ಮವರನ್ನೇ ಯಾರಾದ್ರೂ ಎತ್ಕೋಬೇಕಾಗ್ತದೆ. ಹಾಕ್ಕೊಳ್ಳಿ ಅಂತ ನಾನು ಆರ್ಡರ್ ಮಾಡಲ್ಲ. ಹಾಕೋದು ಬಿಡೋದು ಅವರವರ ಇಷ್ಟ. ಆದ್ರೆ ಬೀಗದಕೈ ನಿಮ್ಮ ಹತ್ರ ಇದೆ."

ಅವರ ಹಿಂದೆ ಯಮನಪ್ಪ ನಿಂತಿದ್ದ. "ನನಗ ಕೊಡ್ರಿ ಮೇಡಂ."

"ನೀನು ಬೇಡ. ತೊಂದರೆ ಇಲ್ಲದವರು ಹೋಗಲಿ."

"ಅವರೂ ಬರ್ತಾರ್ರಿ. ಆದ್ರ ಎರಡನೇ ಆಮಿ ಮತ್ತ್ಯಾರು ಒಯ್ಯತಾರ? ನದಿ ಬಾಯಾಗ ಮರಳದಿಬ್ಬ ಎಲ್ಲೈತಿ ಅನ್ನೂದು ನಾ ಬಲ್ಲೆ."

"ಯಮನಪ್ಪ, ಮತ್ತೆ ಹಾಕಿದರೆ ಏನಾಗುತ್ತದೆ ಅಂತ ಹೇಳಿದ್ದೆನಲ್ಲ."

"ಹೇಳೀರಿ. ನೆನಪೈತಿ." ಅವನು ಪರದೆಯ ಕಡೆ ಕೈ ತೋರಿಸಿದ. ಮಸುಕು ಚಿತ್ರದಲ್ಲಿ ಒಂದು ಮಾಡು, ಅದರ ಮೇಲೆ ಒಂದಕ್ಕೊಂದು ಅಂಟಿಕೊಂಡ ಆಕಾರಗಳು. "ಅಲ್ಲಿ ಹೋಗಿ ನಾ ಹೊಟ್ಟಿ ಹಿಡಕೊಂಡು ಬಿದ್ರ ಅವರನ್ನ ಒಳಗ ಯಾರು ಎಳಕೋತಾರ?"

"ಸಾವಂತ್ರೆವ್ವನಿಗೆ ನಾನು ಏನು ಹೇಳಲಿ?"

"ನಾನ ಹೇಳ್ತೀನಿ ತಗೋರಿ."

ಶಾರ್ವರಿ ಬೀಗ ತೆಗೆದಳು. ಅವನ ಕಿವಿಗಳ ಹಿಂದೆ ಪಟ್ಟಿಯನ್ನು ತನ್ನ ಕೈಯಿಂದಲೇ ಅಂಟಿಸಿದಳು. ಒಂದು ಕಡೆ ಸರಿಯಾಗಿ ಕೂರದೆ ಎರಡನೆಯ ಸಲ ಅಂಟಿಸಬೇಕಾಯಿತು.

ಆಮೆಗಳು ಮತ್ತೆ ಮತ್ತೆ ಹೋಗಿ ಬಂದವು. ಪರದೆಯ ಮೇಲೆ ಶಾರ್ವರಿ ಯಮನಪ್ಪನ ಆಮೆಯ ಒಳಗನ್ನು ನೋಡುತ್ತಿದ್ದಳು. ಎದೆಮಟ್ಟದ ಅಲೆಗಳಲ್ಲಿ ಅವನು ಮೇಲಿನ ಮುಚ್ಚಳ ತೆರೆದು ಮಾಡಿನಂಚಿನಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿಕೊಳ್ಳುತ್ತಿದ್ದ. ಆಮೆ ಓಲಾಡುತ್ತಿತ್ತು, ಅವನು ಕಂಬದ ಹಾಗೆ ನಿಂತಿದ್ದ. ಅಂಥ ಅಲೆಗಳ ನಡುವೆ ಒಂದು ಮಗುವೂ ಅವನ ಕೈಜಾರಲಿಲ್ಲ.

ಕೆಂಪು ದೀಪದ ಕೆಳಗೆ ಮುದುಕಿಯೊಬ್ಬಳು ಅವನ ತೋಳು ಹಿಡಿದು ಕೇಳಿದಳು, "ತಮಾ, ಇದು ಮುಳ್ಗೂದಿಲ್ಲ ಅಲ್ದಾ?"

"ಆಮಿ ಎಲ್ಲ್ಯರ ಮುಳಗತೈತೇನಬೇ ಅಜ್ಜಿ?" ಅವನು ನಕ್ಕ.

ಸಂಜೆಯೊಳಗೆ ಸಣ್ಣಕುರ್ವೆಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರೂ ಶಾಲೆಯ ಕಟ್ಟಡದಲ್ಲಿ ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದರು. ಯಮನಪ್ಪ ಆಮೆಯ ಶೆಡ್ಡಿನಲ್ಲಿ ನಿಂತು ಪಟ್ಟಿಯನ್ನು ಕಿತ್ತು ಶಾರ್ವರಿಯ ಕೈಗೆ ಕೊಟ್ಟ. ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಸಿಮೆಂಟಿನ ನೆಲದ ಮೇಲೆ ಮುಖ ಅಡಿಯಾಗಿ ಬಿದ್ದು, ಎರಡೂ ಕೈಯಿಂದ ನೆಲವನ್ನು ಹಿಡಿದುಕೊಳ್ಳಲು ಪರದಾಡಿದ.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಸಾವಂತ್ರೆವ್ವ ಕೂತಿದ್ದಳು. ಶಾರ್ವರಿ ಒಳಗೆ ಬಂದಾಗ ತಲೆಯೆತ್ತಲಿಲ್ಲ.

"ಹಾಕಬಾರದಂತ ಹೇಳಿದವರೂ ನೀವ. ಕೊಟ್ಟವರೂ ನೀವ."

"ಹೌದು. ನಾನೇ ಅಂಟಿಸಿದೆ."

ಸಾವಂತ್ರೆವ್ವ ಕೇಳಿದಳು, "ಅಲ್ಲಿದ್ದವರು ಎಲ್ಲಾರೂ ಬಂದ್ರೇನ್ರಿ?"

"ಎಲ್ಲರೂ ಬಂದರು."

"ಹಂಗಾರ ನಿಮ್ಮನ್ನ ಬೈಯಾಕೂ ಬರಂಗಿಲ್ಲಲ್ರಿ ನನಗ!" ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಮನಪ್ಪ ಕಣ್ಣು ತೆರೆಯದೆ, ಕೈಯನ್ನು ಹಾಸಿಗೆಯ ಮೇಲೆ ತಡವುತ್ತ ಅವಳಿಗಾಗಿ ಹುಡುಕಿದ. "ಹಿಡಕೋತೀನ್ರಿ," ಅವಳು ಅಳುವಿನ ನಡುವೆಯೇ ಹೇಳಿ, ಆಮೇಲೆ ಆ ಕೈ ಹಿಡಿದಳು.

ಈ ಸಲ ಮಾತೂ ಬೇಗ ಕೆಲಸ ಮಾಡಲಿಲ್ಲ. ಮಳೆಗಾಲವಿಡೀ ಅವನು ಗೋಡೆ ಹಿಡಿದೇ ನಡೆದ. ದೆಹಲಿಯಿಂದ ಬಂದ ತಜ್ಞರು ನೋಡಿ ಹೋದರು. ಯೋಜನೆಯನ್ನು ಪೂರ್ತಿ ನಿಲ್ಲಿಸುವಂತೆ ಶಾರ್ವರಿ ತಾನೇ ಕೇಳಿಕೊಂಡಳು. ಸಣ್ಣಕುರ್ವೆಯ ಜನರನ್ನು ಉಳಿಸಿದ ಸಾಧನ ಅದು, ಯಾಕೆ ನಿಲ್ಲಿಸಬೇಕೆಂದು ಕೇಳಿದವರಿದ್ದರು. ವಾಲುವ ಕುರ್ಚಿಯ ಮುಂದೆ ದಿನಗಟ್ಟಲೆ ಕೂತು ಕೊನೆಗೆ ಅವಳಿಗೆ ಒಂದು ವಿಷಯ ಹೊಳೆಯಿತು. ಅವನ ಮೈ ಈ ಅಭ್ಯಾಸವನ್ನು ಕಲಿತದ್ದು ಕಡಲಿನ ಮೇಲೆ. ಮರೆಯಬೇಕಾದದ್ದೂ ಅಲ್ಲಿಯೇ. ಅದೇ ಪೆಟ್ಟಿಗೆಯಲ್ಲಿ, ಪಟ್ಟಿಯಿಲ್ಲದೆ, ಬರುವ ಅಲೆಯನ್ನು ಯಾರಾದರೂ ಬಾಯಿಂದ ಹೇಳುತ್ತಿರಬೇಕು. ಹೇಳುವ ಧ್ವನಿ ಅವನ ಮೈ ಈಗಾಗಲೇ ನಂಬಿದ ಧ್ವನಿಯಾಗಿರಬೇಕು.

"ನಾನ?" ಸಾವಂತ್ರೆವ್ವ ಎದೆ ಮುಟ್ಟಿಕೊಂಡಳು. "ಕೃಷ್ಣಾ ಹೊಳಿ ಬಿಟ್ರ ನಾ ಬ್ಯಾರೆ ನೀರ ಮ್ಯಾಲ ಹೋದಾಕಿ ಅಲ್ರಿ. ಅದೂ ತೆಪ್ಪದಾಗ."

ಮೊಣ್ಣಪ್ಪ ನಿಯಮದ ಪುಸ್ತಕವನ್ನು ಮುಚ್ಚಿಟ್ಟು ಅನುಮತಿ ಕೊಟ್ಟರು.

ಮುಖ್ಯಸ್ಥನ ಆಸನ ಸ್ವಲ್ಪ ಎತ್ತರದಲ್ಲಿತ್ತು, ಅದರ ಸುತ್ತ ದಪ್ಪ ಗಾಜಿನ ಕಿಂಡಿಗಳು. ಅಲ್ಲಿ ಸಾವಂತ್ರೆವ್ವ ಸೀರೆಯ ಮೇಲೆ ತೇಲುವ ಜಾಕೆಟ್ಟು ತೊಟ್ಟು ಕೂತಳು. ಅವಳ ಮೊಣಕಾಲಿನ ಹತ್ತಿರ, ಕತ್ತಲ ಬೆಂಚಿನ ಮೇಲೆ ಯಮನಪ್ಪ. ಎದುರಿಗೆ ಶಾರ್ವರಿ. ಎಂಜಿನ್ನಿನ ಸದ್ದಿಗೆ ಮೂವರ ಕಿವಿಗೂ ಹೆಡ್‌ಫೋನು. ಮೊದಲ ದಿನ ಕಡಲು ಶಾಂತವಾಗಿತ್ತು, ಆದರೂ ಅವಳು ಕಿರುಚಿದಳು.

"ಬಂತ್ರೀ! ಸಣ್ಣದೈತಿ. ಏರತೈತಿ... ಈಗ ಇಳೀತೈತಿ. ಅಯ್ಯ ಯವ್ವಾ, ಇನ್ನೊಂದ ಬಂತು, ಎಡಕ್ಕ!"

ಯಮನಪ್ಪ ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ಶಾರ್ವರಿಯೂ ಮಾಡಿದಳು. ಆದರೆ ದಡಕ್ಕೆ ಬಂದಾಗ ಅವನು ಬೀಳಲಿಲ್ಲ, ಕೂತ. ಅದೇ ದೊಡ್ಡ ಸುಧಾರಣೆಯೆಂದು ಶಾರ್ವರಿಗೆ ಗೊತ್ತಿತ್ತು. ಚಳಿಗಾಲದ ಒಳ್ಳೆಯ ಹವೆಯಲ್ಲೆಲ್ಲ ಅವರು ಹೀಗೆ ಹೋಗುತ್ತಿದ್ದರು. ಸಾವಂತ್ರೆವ್ವನಿಗೆ ಅಲೆಗಳ ಬಗೆ ತಿಳಿಯಿತು. ಉದ್ದನೆಯದಕ್ಕೆ 'ಎಮ್ಮಿ' ಎಂದೂ, ಚಿಕ್ಕದಾಗಿ ಮೇಲಿಂದ ಮೇಲೆ ಬಡಿಯುವುದಕ್ಕೆ 'ಕುರಿ' ಎಂದೂ ಹೆಸರಿಟ್ಟಳು. ಚಾಲಕನೂ ಅದನ್ನೇ ಕಲಿತ.

ಒಂದು ಬೆಳಗ್ಗೆ ಗಾಳಿ ಎದ್ದಿತ್ತು. ತಿರುಗಿ ಹೋಗೋಣವೇ ಎಂದು ಚಾಲಕ ಕೇಳಿದ. ಯಮನಪ್ಪ ಬೇಡವೆಂದ. ಆಮೆ ಒಂದು ದೊಡ್ಡ ತೆರೆಯ ಮೇಲೆ ಏರಿ ಬಿದ್ದಾಗ ಗಾಜಿನ ಕಿಂಡಿಯೆಲ್ಲ ಹಸಿರು ನೀರಾಯಿತು, ಸಾವಂತ್ರೆವ್ವನ ಮಾತು ಅರ್ಧಕ್ಕೇ ನಿಂತಿತು. ಇಷ್ಟು ದಿನ ಹೇಗೋ ತಡೆದಿದ್ದವಳಿಗೆ ಅಂದು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ಆಸನದಿಂದ ಕೆಳಗೆ ಜಾರಿ, ಬೆಂಚಿನ ಮೇಲೆ ಕುಸಿದು, ಗಂಡನ ತೊಡೆಗೆ ತಲೆ ಆನಿಸಿ ಓಕರಿಸಿದಳು.

"ನನಗ ಆಗಂಗಿಲ್ರಿ... ನನಗ ಹೇಳಾಕ ಆಗಂಗಿಲ್ಲ..."

ಕಿಂಡಿಯ ಹತ್ತಿರ ಯಾರೂ ಇರಲಿಲ್ಲ. ತಾನಾದರೂ ಹೇಳಬೇಕೆಂದು ಶಾರ್ವರಿ ಬೆಲ್ಟು ಬಿಚ್ಚಿ ಏಳಹೊರಟಳು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಯಮನಪ್ಪನ ಧ್ವನಿ ಕೇಳಿತು.

"ಸಾವಂತ್ರಿ, ಗಟ್ಟಿ ಹಿಡಕೋ. ಈಗ ಏರತೈತಿ."

ಆಮೆ ಏರಿತು. ಶಾರ್ವರಿ ಎದ್ದವಳು ಹಾಗೆಯೇ ಕೂತಳು.

ಅವನ ಮುಂದೆ ಕಿಟಕಿಯಿರಲಿಲ್ಲ, ಕಿವಿಯ ಹಿಂದೆ ಪಟ್ಟಿಯಿರಲಿಲ್ಲ. ಬೂಟು ಕಳಚಿ ಬರಿಯ ಅಂಗಾಲನ್ನು ತಗಡಿನ ನೆಲಕ್ಕೆ ಒತ್ತಿಕೊಂಡಿದ್ದ. ಒಂದು ಕೈ ಹೆಂಡತಿಯ ಬೆನ್ನಿನ ಮೇಲಿತ್ತು. "ಇಳೀತೈತಿ ನೋಡು. ಹಾಂ. ಉಸರ ಬಿಡು. ಇನ್ನೊಂದ ಬರತೈತಿ, ಬಲಕ್ಕ."

ಅಲೆ ಎಡದಿಂದ ಬಡಿಯಿತು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಬೆಂಚಿನ ಅಂಚಿಗೆ ಬಡಿದುಕೊಂಡರು.

"ಬಲಕ್ಕ ಅಂದ್ರಿ!" ಸಾವಂತ್ರೆವ್ವ ಮುಖ ಒರೆಸಿಕೊಳ್ಳುತ್ತ ನರಳಿದಳು. "ಗೊತ್ತಿಲ್ಲಂದ್ರ ಸುಮ್ನಿರ್ರಿ, ಸುಳ್ಳ ಹೇಳಬ್ಯಾಡ್ರಿ."

ಶಾರ್ವರಿ ಯಮನಪ್ಪನನ್ನೇ ನೋಡಿದಳು. ಹೇಳದೆ ಕೇಳದೆ ಬಂದ ಅಲೆ ಅವನನ್ನು ಬಡಿದಿತ್ತು. ಅವನು ಗೋಡೆಗೆ ಕೈ ಚಾಚಲಿಲ್ಲ, ಕಣ್ಣು ಮುಚ್ಚಲಿಲ್ಲ. ತಾನೂ ನೆಟ್ಟಗೆ ಕೂತು, ಹೆಂಡತಿಯನ್ನೂ ಎತ್ತಿ ಕೂರಿಸಿ, ಅವಳ ಸೆರಗನ್ನು ಸರಿಮಾಡಿದ.

"ತಪ್ಪಿತಲ್ಲೇ," ಎಂದು ಜೋರಾಗಿ ನಕ್ಕ. "ತಡಿ, ಮುಂದಿನದು ಸರಿ ಹೇಳ್ತೀನಿ."